ದೀಪಕ್ಕೆ ಹಿಡಿದದ್ದು

ಡಾಕ್ಟರ ಕೋಣೆಯ ಗೋಡೆಯ ಮೇಲಿನ ಆ ದೀಪದ ಪೆಟ್ಟಿಗೆ, ಬಿಳಿ, ತಣ್ಣಗಿನ ಬಿಳಿ, ಕೋಳಿ ಫಾರ್ಮಿನಲ್ಲಿ ನಮ್ಮದು ಹಳದಿ, ಅದರ ಬಾಯಿಗೆ ಮೊಟ್ಟೆ ಹಿಡಿದರೆ ಒಳಗೆಲ್ಲ ಬೆಳಗಾದ ಹಾಗೆ ಕಾಣುತ್ತದೆ, ಎತ್ತು, ತಿರುಗಿಸು, ನೋಡು, ಚೆನ್ನಾಗಿದ್ದರೆ ಬಲಗಡೆ, ಬಿರುಕು ಕಂಡರೆ ಎಡಗಡೆ — ಡಾಕ್ಟರು ಏನೋ ಕೇಳುತ್ತಿದ್ದಾರೆ, ಮಗಳು ಏನು ತಿಂತಾಳಮ್ಮ, ಅನ್ನ ಸರ್, ಅನ್ನದ ಜೊತೆಗೆ, ಜೊತೆಗೆ ಇನ್ನೊಂದಿಷ್ಟು ಅನ್ನ — ತಮಾಷೆ ಅಂದುಕೊಂಡರೋ ಏನೋ, ಕನ್ನಡಕ ತೆಗೆದು ಒರೆಸಿದರು, ದಿನಕ್ಕೊಂದು ಮೊಟ್ಟೆನಾದರೂ ಕೊಡಬಾರದಾ, ನನ್ನ ಬೆರಳಿನ ವಾಸನೆ ಅವರ ಮೂಗಿಗೆ ಬಡಿದಿಲ್ಲ ಪುಣ್ಯಕ್ಕೆ, ಸೋಪಿಗೂ ಬಗ್ಗದ ವಾಸನೆ, ದಿನವೆಲ್ಲ ಮೊಟ್ಟೆ ಮುಟ್ಟುವವಳಿಗೆ ಮೊಟ್ಟೆ ಕೊಳ್ಳುವಷ್ಟು ಕೂಲಿ ಇರಬೇಕು ಅಂತ ಯಾವ ಕಾನೂನಿದೆ, ಎಡಗಡೆಯವು ಸಂಜೆ ಗುಂಡಿಗೆ, ಮೇಲೆ ಸುಣ್ಣ, ಬಿರುಕಿನವನ್ನಾದರೂ ಒಯ್ಯಲೇ ಅಂತ ಕೇಳಿದ್ದಕ್ಕೆ ಸೂಪರ್‌ವೈಸರ್ ನಕ್ಕ, ಒಯ್ಯೋಕೆ ಬಿಟ್ರೆ ಅಕ್ಕಾ, ನಾಳೆಯಿಂದ ನಿಮ್ಮೆಲ್ಲರ ಕೈಗೂ ಬರೀ ಬಿರುಕಿನವೇ ಸಿಗ್ತವೆ, ಲೋಕ ಕಂಡವನು ಪಾಪ — ಶಾಲೆಯಲ್ಲಿ ಮೊಟ್ಟೆ ಕೊಡುತ್ತಿದ್ದಾಗ ಮಗಳ ಕೆನ್ನೆ ತುಂಬಿತ್ತು, ಹಳದಿಯನ್ನು ಕೊನೆಗೆ ಉಳಿಸಿಕೊಂಡು ನಾಲಗೆಯ ಮೇಲೆ ಕರಗಿಸುತ್ತಿದ್ದಳು, ಆಮೇಲೆ ಮೊಟ್ಟೆ ಕಂಡು ಯಾರ ಮನಸ್ಸಿಗೋ ನೋವಾಯಿತಂತೆ, ಸಭೆ ಸೇರಿತು, ಕೌನ್ಸಿಲರಮ್ಮ ಮೈಕು ಹಿಡಿದು ಮಕ್ಕಳ ಮನಸ್ಸು ಶುದ್ಧವಾಗಿರಬೇಕು ಅಂದರು, ಚಪ್ಪಾಳೆ, ಬದಲಿಗೆ ಬಿಸ್ಕತ್ತು ಬಂತು, ಅವರ ಭಾವನ ಕಂಪನಿಯದು, ಅದೂ ಶುದ್ಧವೇ, ಕೌನ್ಸಿಲರಮ್ಮನ ಮನೆಗೆ ಹೋಗುವ ಮೊಟ್ಟೆಯ ಟ್ರೇ ಆರಿಸುವವಳು ನಾನು, ದಪ್ಪನೆಯವು, ಒಂದೇ ಬಣ್ಣದವು — ನನ್ನ ಮಗಳು ಎಷ್ಟು ಶುದ್ಧವಾದಳೆಂದರೆ ಈಗ ಮೆಟ್ಟಿಲು ಹತ್ತಲಾರಳು, ಹೊರಗೆ ಬೆಂಚಿನ ಮೇಲೆ ಅಜ್ಜಿಯ ತೊಡೆಗೆ ತಲೆಯಿಟ್ಟು ಕೆಮ್ಮುತ್ತಿದ್ದಾಳೆ, ಕೆಮ್ಮೂ ಸಣ್ಣದಾಗಿದೆ — ಔಷಧಿ ಇದೆಯಮ್ಮ, ಡಾಕ್ಟರ ದನಿ ಇಳಿದಿದೆ, ಔಷಧಿ ತಡ್ಕೊಳ್ಳೋಕೆ ಮೈಯಲ್ಲಿ ಏನಾದರೂ ಇರಬೇಕಲ್ಲ, ತುಂಬಾ ತಡವಾಯ್ತು, ಕವರಿನಿಂದ ಕಪ್ಪು ಹಾಳೆ ತೆಗೆದು ದೀಪಕ್ಕೆ ಸಿಕ್ಕಿಸಿದರು, ಒಳಗೆಲ್ಲ ಬೆಳಗಾಯಿತು, ಪಕ್ಕೆಲುಬುಗಳು, ದಾರದಷ್ಟು, ನಡುವೆ ಮೋಡದ ಹಾಗೆ ಏನೋ, ಇಲ್ನೋಡಿ ಅನ್ನುತ್ತಾರೆ, ನೋಡಿದೆ ಸರ್, ನೋಡುವುದೇ ನನ್ನ ಕೆಲಸ, ಯಾರೂ ಹೇಳದೆ ನನ್ನ ಕೈ ಎದ್ದಿದೆ, ಹಾಳೆಯನ್ನು ಕಿತ್ತು ದೀಪದ ಮುಂದೆ ತಿರುಗಿಸುತ್ತಿದೆ, ಏನು ಮಾಡ್ತಿದೀರಮ್ಮ, ಗೊತ್ತಿಲ್ಲ ಸರ್, ಕೈ ನಿಲ್ಲುತ್ತಿಲ್ಲ, ಎತ್ತು, ತಿರುಗಿಸು, ನೋಡು, ಎಡಗಡೆ, ಅಲ್ಲ, ಎಡಗಡೆ ಬೇಡ, ಇವಳು ಎಡಗಡೆ ಬೇಡ, ತಿರುಗಿಸು, ನೋಡು, ಎಡಗಡೆ —