ನೀರುನಾಯಿಗೊಂದು ಗಂಡು

ಮೃಗಾಲಯದ ದಾಖಲೆ ಕೋಣೆಯಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಕಡತದಕ್ಕ ಎಂದೇ ಕರೆಯುತ್ತಿದ್ದರು. ಯಾವ ಪ್ರಾಣಿ ಮರಿ ಹಾಕಿತು, ಯಾವುದು ಹಲ್ಲು ಮುರಿದುಕೊಂಡಿತು ಎಂದು ಹನ್ನೊಂದು ವರ್ಷದಿಂದ ಬರೆದಿಡುತ್ತಿದ್ದವಳು ಅವಳೇ. ಆ ಬೆಳಗ್ಗೆ ಅವಳ ಮೇಜಿನ ಮುಂದೆ ಬಂದು ನಿಂತವನು ಅವಳ ಚಿಕ್ಕಪ್ಪ, ನೀರುನಾಯಿಯ ಕೊಳ ನೋಡಿಕೊಳ್ಳುವವನು. ಬೂಟಿನಿಂದ ನೀರು ಸೋರುತ್ತಿತ್ತು, ಮುಖ ಸಪ್ಪಗಾಗಿತ್ತು.

“ಸಂಜೆ ಐದಕ್ಕೆ ಸಾಹೇಬ್ರು ಸಹಿ ಹಾಕ್ತಾರಂತೆ ಮಗಳೇ. ಚುರುಕಿಗೆ ಜೋಡಿ ಸಿಗಲ್ಲ, ಕೊಳ ಮುಚ್ಚಿಬಿಡೋಣ, ಅವಳನ್ನ ಮಾಲ್‌ನವರ ಗಾಜಿನ ತೊಟ್ಟಿಗೆ ಕೊಟ್ಟುಬಿಡೋಣ ಅಂತ.”

ಚುರುಕಿ ಆ ಕೊಳದ ಒಂಟಿ ಹೆಣ್ಣು ನೀರುನಾಯಿ. ಹೆಸರಿಗಷ್ಟೇ ಚುರುಕಿ, ಜೊತೆಯಿಲ್ಲದೆ ಕೊರಗಿ ಕೊರಗಿ, ಈಗ ಮೀನು ಕೊಟ್ಟರೂ ಮೂಸಿ ಬಿಡುತ್ತಿತ್ತು. ಕಡತದಕ್ಕ ಅದಕ್ಕೆ ಮೂರು ವರ್ಷದಿಂದ ಪ್ರತಿ ತಿಂಗಳೂ ಗಂಡು ಹುಡುಕಿದ್ದಳು. ನಲವತ್ತು ಮೃಗಾಲಯಗಳ ಪ್ರಾಣಿಗಳ ವಿವರವೆಲ್ಲ ದೂರದ ಕೇಂದ್ರವೊಂದರ ಡೇಟಾಬೇಸಿನಲ್ಲಿತ್ತು. ಅದನ್ನು ಇಲ್ಲಿಂದಲೇ ಕೇಳಲೆಂದು ಗುತ್ತಿಗೆಯ ಎಂಜಿನಿಯರೊಬ್ಬ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟಿದ್ದ. ಅದು ಹೇಳುತ್ತಿದ್ದುದು ಒಂದೇ ಮಾತು: ‘ಸಂಪರ್ಕವಾಗಿದೆ. ಗಂಡು: ಸೊನ್ನೆ.’

“ಇನ್ನೊಂದೇ ಒಂದು ಸಲ ನೋಡು” ಎಂದು ಚಿಕ್ಕಪ್ಪ ಅಂಗಲಾಚಿದ.

ಒತ್ತಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಸೊನ್ನೆ ಬಂತು. ಅದೇ ಹೊತ್ತಿಗೆ ಪಕ್ಕದ ಕೋಣೆಯಿಂದ ಸಾಹೇಬರು ಗುಡುಗಿದರು: “ಬೆಳಗ್ಗೆಯಿಂದ ಇಂಟರ್ನೆಟ್ ಸತ್ತು ಬಿದ್ದಿದೆ, ಒಂದು ಮೇಲ್ ಹೋಗ್ತಿಲ್ಲ! ಯಾರಾದ್ರೂ ನೋಡ್ತಿದ್ದೀರೇನ್ರೀ?”

ಕಡತದಕ್ಕನ ಕೈ ಕೀಲಿಮಣೆಯ ಮೇಲೇ ನಿಂತುಬಿಟ್ಟಿತು. “ಚಿಕ್ಕಪ್ಪ, ನೆಟ್ಟೇ ಇಲ್ಲ ಅಂದ್ಮೇಲೆ ಇದು ಯಾರನ್ನ ಕೇಳ್ಕೊಂಡು ಬಂತು?”

“ಈ ವಯಸ್ಸಲ್ಲಿ ನಿನಗ್ಯಾಕಮ್ಮ?” ಎಂದು ಇಡೀ ಕಚೇರಿ ನಗುತ್ತಿದ್ದರೂ ಅವಳು ಸಂಜೆಯ ತರಗತಿಗೆ ಹೋಗಿ ಜಾವಾ ಕಲಿತಿದ್ದಳು. ಪ್ರೋಗ್ರಾಮಿನ ಸೆಟ್ಟಿಂಗ್ ಕಡತ ತೆರೆದಳು. ಡೇಟಾಬೇಸಿನ ವಿಳಾಸವಿರಬೇಕಾದ ಕಡೆ ‘ಲೋಕಲ್‌ಹೋಸ್ಟ್’ ಎಂದಿತ್ತು. ಅಂದರೆ ಈ ಕಂಪ್ಯೂಟರೇ, ಇಲ್ಲಿಯ ಪ್ರಾಣಿಗಳಷ್ಟೇ ಇರುವ ಡೇಟಾಬೇಸೇ! ಆ ಮಹಾನುಭಾವ ಪರೀಕ್ಷೆಗೆಂದು ಬರೆದ ವಿಳಾಸ ಬದಲಿಸದೆ ಕೈತೊಳೆದುಕೊಂಡು ಹೋಗಿದ್ದ. ಚುರುಕಿ ಒಬ್ಬಳೇ ಇರುವ ಮನೆಯೊಳಗೇ ಅವಳಿಗೆ ಮೂರು ವರ್ಷ ವರ ಹುಡುಕಿದಂತಾಗಿತ್ತು. ಕಡತದಕ್ಕನಿಗೆ ಮೈಯೆಲ್ಲ ಉರಿದುಹೋಯಿತು, ಅವನ ಮೇಲೂ, ಕಣ್ಣುಮುಚ್ಚಿ ನಂಬಿದ ತನ್ನ ಮೇಲೂ.

ಮಧ್ಯಾಹ್ನ ನೆಟ್ ಬಂದದ್ದೇ ತಡ, ಕೇಂದ್ರದ ವಿಳಾಸ ತುಂಬಿದಳು. ‘ಸರಿಯಾದ ಡ್ರೈವರ್ ಇಲ್ಲ’ ಎಂದಿತು. ಡ್ರೈವರ್ ಎಂದರೆ ಜಾವಾಕ್ಕೂ ಡೇಟಾಬೇಸಿಗೂ ನಡುವಿನ ದುಭಾಷಿ. ಇಲ್ಲಿಯ ಡೇಟಾಬೇಸಿನ ಭಾಷೆ ಬಲ್ಲ ದುಭಾಷಿಗೆ ಅಲ್ಲಿಯದು ಬರುತ್ತಿರಲಿಲ್ಲ. ಬೇರೆ ಡ್ರೈವರ್ ಇಳಿಸಿಕೊಂಡು ಸೇರಿಸಿದಳು. ಈಗ ‘ಪಾಸ್‌ವರ್ಡ್ ತಪ್ಪು’ ಎಂದಿತು. ಗಂಟೆ ನಾಲ್ಕು ದಾಟಿತ್ತು. ಕೇಂದ್ರಕ್ಕೆ ಫೋನು ಹಚ್ಚಿ ತಮ್ಮ ಮೃಗಾಲಯದ ಹೆಸರು ಹೇಳಿದಳು.

“ಅಯ್ಯೋ, ನೀವಾ?” ಎಂದಳು ಆ ಕಡೆಯ ಹೆಂಗಸು. “ನಿಮ್ಮ ಕಡೆಯಿಂದ ಇದುವರೆಗೂ ಒಬ್ರೂ ಒಳಗೆ ಬಂದಿಲ್ಲ, ಒಂದು ಪ್ರಾಣಿನೂ ಸೇರಿಸಿಲ್ಲ. ಮೃಗಾಲಯ ಮುಚ್ಚಿಬಿಟ್ರೇನೋ ಅಂದ್ಕೊಂಡಿದ್ವಿ!”

“ಬದುಕಿದ್ದೀವಿ ಪುಣ್ಯಾತ್ಗಿತ್ತಿ, ಮೊದಲು ಪಾಸ್‌ವರ್ಡ್ ಕೊಡು!”

ಐದಕ್ಕೆ ಹತ್ತು ನಿಮಿಷವಿತ್ತು. ಒತ್ತಿದಳು. ಈ ಸಲ ಉತ್ತರ ತಟ್ಟನೆ ಬರಲಿಲ್ಲ. ಒಂದು ಸೆಕೆಂಡು, ಎರಡು, ಮೂರು. ದೂರದಲ್ಲಿ ನಿಜವಾಗಿಯೂ ಯಾರನ್ನೋ ಕೇಳುತ್ತಿದೆ ಎಂದು ಅವಳು ಪರದೆಯ ಹತ್ತಿರಕ್ಕೆ ಮುಖ ತಂದಳು.

‘ಸಂಪರ್ಕವಾಗಿದೆ. ಗಂಡು: ಹದಿನಾಲ್ಕು.’

“ಹದಿನಾಲ್ಕು!” ಅವಳು ಕಿರುಚಿದ್ದಕ್ಕೆ ಸಾಹೇಬರೇ ಓಡಿ ಬಂದರು. “ಮೂರು ವರ್ಷ ಇಲ್ಲ ಇಲ್ಲ ಅಂದಿದ್ದು ಈಗ ಹದಿನಾಲ್ಕು ಅಂದ್ರೆ ಹೇಗಮ್ಮ ನಂಬೋದು?” ಎಂದರು.

ಕಡತದಕ್ಕ ನೆಟ್ಟಿನ ಕೇಬಲ್ ಕಿತ್ತು ಮತ್ತೆ ಒತ್ತಿದಳು. ‘ಸಂಪರ್ಕ ವಿಫಲ.’ ಕೇಬಲ್ ಸಿಕ್ಕಿಸಿ ಒತ್ತಿದಳು. ಹದಿನಾಲ್ಕು. ಸಾಹೇಬರು ಕೈಯಲ್ಲಿದ್ದ ಆದೇಶವನ್ನು ಅಲ್ಲೇ ಹರಿದು ಹಾಕಿದರು. “ಭಲೇ ಕಣಮ್ಮ, ಗೆದ್ದುಬಿಟ್ಟೆ!”

ಪಟ್ಟಿಯ ಒಂಬತ್ತನೆಯ ಸಾಲಿನಲ್ಲಿ ಒಂದು ಟಿಪ್ಪಣಿಯಿತ್ತು: ‘ಒಂಟಿ ಗಂಡು. ಹೆಣ್ಣು ಬೇಕಾಗಿದೆ. ಎರಡು ವರ್ಷದಿಂದ ಕೇಳುತ್ತಿದ್ದೇವೆ.’ ಕೆಳಗಿದ್ದ ನಂಬರಿಗೆ ಫೋನು ಮಾಡಿ, ಅವಳು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಎತ್ತಿದವನು ಆ ಮೃಗಾಲಯದ ಪಾಲಕ, ವಯಸ್ಸಾದ ಗೊಗ್ಗರು ದನಿ. ಸಾಹೇಬರೆದುರು ಎಂದೂ ತುಟಿ ಬಿಚ್ಚದ ಚಿಕ್ಕಪ್ಪ ಫೋನಿಗೇ ಬಾಗಿದ.

“ಹಲೋ, ನಮ್ಮಲ್ಲೊಬ್ಬಳು ಹೆಣ್ಣಿದಾಳೆ. ನೀರುನಾಯಿ.”

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ, “ತಮಾಷೆ ಮಾಡ್ತಿಲ್ಲ ತಾನೇ? ನಮ್ಮವನು ಸರಿಯಾಗಿ ತಿಂದು ಎಷ್ಟು ದಿನ ಆಯ್ತು ಗೊತ್ತಾ?”

“ನಮ್ಮವಳದೂ ಅದೇ ಕತೆ, ಬೀಗರೇ!” ಎಂದ ಚಿಕ್ಕಪ್ಪ. ನಗುತ್ತಿದ್ದನೋ ಅಳುತ್ತಿದ್ದನೋ, ಎರಡೂ ಒಟ್ಟಿಗೇ ಬಂದಿದ್ದವು. “ನಿಮ್ಮವನಿಗೆ ಯಾವ ಮೀನು ಇಷ್ಟ ಹೇಳಿ. ನಾಳೆಯಿಂದಲೇ ತರಿಸಿಡ್ತೀನಿ.”