ಹಾಸುಗಲ್ಲಿನ ಹೊಲ

ಚರಿಗೆ ಅರ್ಧ ತುಂಬಿತ್ತು. ಗುರವ್ವ ಎಮ್ಮೆಯ ಹೊಟ್ಟೆಗೆ ಹಣೆಯಾನಿಸಿ ಹಾಲು ಹಿಂಡುತ್ತಿದ್ದಳು. ಪಡಸಾಲೆಯಲ್ಲಿ, ತೀರಿಕೊಂಡ ಅವಳ ಗಂಡನನ್ನು, ತಾಂಬಾ ಊರಿನ ಸಾಲಿಯಲ್ಲಿ ಭೂಗೋಳ ಕಲಿಸಿದ ಶ್ರೀಶೈಲಪ್ಪ ಮಾಸ್ತರನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಭಜನೆಯ ತಾಳ ಕೊಟ್ಟಿಗೆಯವರೆಗೂ ಕೇಳುತ್ತಿತ್ತು.

"ಇವತ್ತರ ಬಿಡು ಯಕ್ಕಾ, ನಾ ಹಿಂಡ್ತೇನಿ," ಎಂದಳು ನೆರೆಮನೆಯ ರೇಣವ್ವ.

"ನಿನಗ ಒದೀತೈತಿ ಅದು."

"ಮಾಸ್ತರಿಗೂ ಒದ್ದಿತ್ತಲ್ಲ. ಭೂಮಿ ಹೊಟ್ಟ್ಯಾಗಿಂದು ಎಲ್ಲಾ ಹೇಳ್ತಿದ್ರು, ಎಮ್ಮಿ ಕಾಲು ಎತ್ತಾಗ ಬರ್ತೈತಿ ಅನ್ನೂದು ತಿಳೀಲಿಲ್ಲ."

ಗುರವ್ವನಿಗೆ ನಗು ಬಂತು. ಎಮ್ಮೆಯ ಮರೆಯಲ್ಲೇ ನುಂಗಿಕೊಂಡಳು.

ಅಷ್ಟರಲ್ಲಿ ಮೈದುನ ಪರಮಾನಂದ ಹೊಲದಿಂದ ಬಂದ. ಧೋತರಕ್ಕೆಲ್ಲ ಕಲ್ಲಿನ ಪುಡಿ.

"ವೈನಿ, ಕುಣಿ ಮೊಣಕಾಲಮಟ ಇಳದಿಲ್ಲ, ಕರಿಕಲ್ಲು ಹತ್ತೇತಿ. ಚನ್ನವ್ವ ವೈನಿ ಬಾಜೂಕ ತೋಡಾಕತ್ತಿದ್ವಿ. ಆಕಿಗೆ ಕಲ್ಲಿನ ಬಿರಕಿನ್ಯಾಗ ಜಾಗಾ ಸಿಕ್ಕಿತ್ತು. ಈ ಕಡೆ ಎಲ್ಲಾ ಒಂದ ಹಾಸುಗಲ್ಲು."

ಚನ್ನವ್ವ ಮಾಸ್ತರ ಮೊದಲ ಹೆಂಡತಿ. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ತೀರಿಕೊಂಡು, ಮೇಲಿನ ಹೊಲದ ಬನ್ನಿಗಿಡದ ಬುಡದಲ್ಲಿ ಮಣ್ಣಾದವಳು.

"ಮುಂದ?"

"ಕೆಳಗಿನ ಹೊಲದಾಗ ಆಳುದ್ದ ಮಣ್ಣೈತಿ, ಅಲ್ಲಿ ಸಲೀಸ. ಇಲ್ಲಾಂದ್ರ ಸಿಂದಗಿಯಿಂದ ಕಲ್ಲು ಒಡಿಯೂ ಮಷೀನ್ ತರಸ್ಬೇಕು. ಅಣ್ಣ ನಿಮ್ಮ ಮುಂದ ಏನರ ಹೇಳಿದ್ನೇನ್ರಿ? ಹೇಳಿದ್ರ ತರಸೂಣು, ಎಷ್ಟೊತ್ತಾದ್ರೂ ಆಗಲಿ."

*

ಮೇಲಿನ ಹೊಲದಲ್ಲಿ ಬಾವಿ ತೋಡಿಸಿದ ವರ್ಷ ಮಾಸ್ತರು ಗುರವ್ವನನ್ನು ದಂಡೆಗೆ ಕರೆದು ತೋರಿಸಿದ್ದರು. ಕೆಳಗೊಂದು ಕರಿಕಲ್ಲಿನ ಪದರ, ಮೇಲೊಂದು. ನಡುವೆ ಗೇಣುದ್ದ ಕೆಂಪು ಮಣ್ಣು.

"ಇದೆಲ್ಲಾ ಒಮ್ಮೆ ಬೆಂಕಿ ಇತ್ತು, ಗುರವ್ವ. ಭೂಮಿ ತಳದಾಗ ಕಲ್ಲು ಕರಗಿ, ನೆಲ ಸೀಳಿ ಮ್ಯಾಲೆ ಬಂದು ಹರೀತು. ಆರಿತು. ಅದರ ಮ್ಯಾಲ ಮಣ್ಣಾತು, ಹುಲ್ಲು ಬೆಳೀತು. ಆಮ್ಯಾಲ ಮತ್ತ ಬೆಂಕಿ ಬಂತು."

"ಹುಲ್ಲಿನ ಗತಿ?"

"ಹುಲ್ಲು ಹೋತು. ಮಣ್ಣು ಸುಟ್ಟು ಕೆಂಪಾಗಿ ಕುಂತೈತಿ ನೋಡು."

ಹೇಳುತ್ತಿದ್ದದ್ದು ಅವಳಿಗೆ, ನೋಡುತ್ತಿದ್ದದ್ದು ಬನ್ನಿಗಿಡದ ಕಡೆ.

ಈಚಿನ ವರ್ಷಗಳಲ್ಲಿ ನೆಲ ಗುಡುಗಿ ಪಾತ್ರೆಗಳು ನಡುಗಿದಾಗಲೆಲ್ಲ ಊರವರು ಮಾಸ್ತರ ಅಂಗಳಕ್ಕೆ ಓಡಿ ಬರುತ್ತಿದ್ದರು. ಅವರು ಎಲ್ಲರಿಗೂ ಬಿಡಿಸಿ ಹೇಳಿ ಸಮಾಧಾನ ಮಾಡಿ ಕಳಿಸುವರು. ಒಳಗಿದ್ದವಳನ್ನು ಮಾತ್ರ, ನಿನಗೆ ಅಂಜಿಕೆಯಾಯಿತೇನು ಎಂದು ಕೇಳಿದವರಲ್ಲ.

ಹೋದ ವಾರ ಗಂಜಿ ಕುಡಿಸುವಾಗ ಅವಳ ಕೈ ಹಿಡಿದುಕೊಂಡಿದ್ದರು.

"ಚನ್ನವ್ವನ ಬಾಜೂಕ ನನ್ನ ಇಡ್ರಿ. ಪರಮಾನಂದಗ ಹೇಳು."

ಕೈ ಹಿಡಿದದ್ದಕ್ಕೆ ಗುರವ್ವನಿಗೆ ಸಂತೋಷವಾಗಿತ್ತು, ಮಾತು ಮುಗಿಯುವವರೆಗೆ.

*

"ವೈನಿ?"

ಗುರವ್ವ ಚರಿಗೆ ಎತ್ತಿಕೊಂಡು ಎದ್ದಳು.

"ಏನೂ ಹೇಳಿಲ್ಲಪಾ. ಕೆಳಗಿನ ಹೊಲದಾಗ ತೋಡ್ರಿ."

ಕುಣಿಯಲ್ಲಿ ಮಾಸ್ತರನ್ನು ಕಾಲು ಮಡಚಿ ಕೂಡಿಸಿದ್ದಾಯಿತು. ಮಧ್ಯಾಹ್ನಕ್ಕೆ ಎಲ್ಲ ಮುಗಿಯಿತು. ಜನ ಒಂದೊಂದು ಹಿಡಿ ಮಣ್ಣು ಹಾಕಿ, ಕೈ ತೊಳೆಯಲು ನೀರಿನ ಪೈಪಿನತ್ತ ನಡೆದರು.

"ಬಾ ಯಕ್ಕಾ," ಎಂದಳು ರೇಣವ್ವ.

"ನಡಿ, ಬಂದೆ."

ಹೊಸ ಮಣ್ಣಿನ ಎಡಬದಿಗೆ ತೊಗರಿಯ ಕೂಳೆಗಳು ನಿಂತಿದ್ದವು. ಗುರವ್ವ ಬಗ್ಗಿ ಒಂದನ್ನು ಎರಡೂ ಕೈಯಿಂದ ಕಿತ್ತಳು. ಅದರ ಪಕ್ಕದ್ದನ್ನೂ ಕಿತ್ತಳು. ಒಬ್ಬ ಹೆಂಗಸು ಕಾಲು ಮಡಚಿ ಕೂಡುವಷ್ಟು ನೆಲ ಬಯಲಾದ ಮೇಲೆ, ಸೆರಗಿಗೆ ಕೈ ಒರೆಸಿಕೊಂಡು ಜನರ ಹಿಂದೆ ನಡೆದಳು.