ಹಗ್ಗದ ತುದಿಯವನು

"ಹಗ್ಗ ಬರಲಿಲ್ಲ. ಆದ್ದರಿಂದ ಯಾರೂ ಎಳೆಯಲಿಲ್ಲ." ಏಳನೇ ತರಗತಿಯ ಪ್ರಿನ್ಸಿ ಪರೀಕ್ಷೆಯಲ್ಲಿ ಹೀಗೆ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದಳು. ಪ್ರಶ್ನೆ ಇದ್ದದ್ದು ಇಷ್ಟೇ: ಇಬ್ಬರು ಹಗ್ಗದ ಎರಡು ತುದಿ ಹಿಡಿದು ಎಳೆಯುತ್ತಿದ್ದರೂ ಹಗ್ಗ ಅಲುಗುತ್ತಿಲ್ಲ, ಯಾಕೆ? ಜಸಿಂತ ಟೀಚರ್ ಉತ್ತರಪತ್ರಿಕೆಗಳ ಇಡೀ ಕಟ್ಟನ್ನು ತಿರುವಿ ಹಾಕಿದರು. ಇಪ್ಪತ್ತಾರು ಮಕ್ಕಳಲ್ಲಿ ಇಪ್ಪತ್ತೆರಡು ಮಕ್ಕಳದೂ ಅದೇ ಉತ್ತರ. ದಡದಲ್ಲಿ ನಿಂತು ರಂಪಣಿ ಬಲೆ ಎಳೆಯುವವರ ಮನೆಯ ಮಕ್ಕಳು, ಹುಟ್ಟಿದಾಗಿನಿಂದ ಹಗ್ಗ ಬಿಟ್ಟು ಬೇರೆ ಕಂಡಿಲ್ಲ!

ಹಾಗೆ ನೋಡಿದರೆ ಮಕ್ಕಳನ್ನು ಅಂದು ಏನು ಪ್ರಯೋಜನ? ಆ ತೀರದಲ್ಲಿ ಬಲೆ ದಡದ ಕಡೆ ಬಂದರಷ್ಟೇ ಅದು ಎಳೆತ. ಕಡಲು ಹಿಂದಕ್ಕೆ ಜಗ್ಗುವಾಗ ನಲವತ್ತು ಜನ ಹಲ್ಲು ಕಚ್ಚಿ ಅರ್ಧ ಗಂಟೆ ಹಿಡಿದು ನಿಂತರೂ, ಮನೆಗೆ ಬಂದು "ಇವತ್ತು ಏನೂ ಎಳೀಲಿಲ್ಲ ಕಣೇ" ಎಂದೇ ಹೇಳುತ್ತಾರೆ.

ಟೀಚರ ಮನೆಯಲ್ಲೂ ಒಬ್ಬ ಹಾಗೆ ಹೇಳಿಕೊಂಡು ಕೂತಿದ್ದ. ಗಂಡ ಸಿಲುವಯ್ಯನ್. ಮೂವತ್ತನಾಲ್ಕು ವರ್ಷ ಹಗ್ಗದ ಮುಂದಾಳಾಗಿ ಎಳೆದವನು. ಕಳೆದ ಮಳೆಗಾಲದಲ್ಲಿ ಬಲಭುಜ ಜಾರಿತು. ತಂಡದ ಯಜಮಾನ ಗಿಲ್ಬರ್ಟ್ ಅವನನ್ನು ಹಗ್ಗದ ಹಿಂತುದಿಗೆ ನಿಲ್ಲಿಸಿದ. ಸೊಂಟಕ್ಕೆ ಒಂದು ಸುತ್ತು ಹಾಕಿಕೊಂಡು, ಹಿಮ್ಮಡಿ ಮರಳಲ್ಲಿ ಹೂತು, ಮುಂದಿನವರು ಕೈ ಬದಲಿಸುವಷ್ಟು ಹೊತ್ತು ಬಿಡದೆ ಹಿಡಿಯುವುದು ಅಲ್ಲಿಯವನ ಕೆಲಸ. ವಾರದಿಂದ ಸಿಲುವಯ್ಯನ್ ಅದಕ್ಕೂ ಹೋಗಿರಲಿಲ್ಲ.

"ಸಂಜೆ ಗಿಲ್ಬರ್ಟ್ ಬರ್ತಾನೆ. ಬೇರೆಯವರನ್ನ ಹಾಕ್ಕೋ ಅಂತ ನೀನೇ ಹೇಳ್ಬಿಡು, ಟೀಚರೇ" ಎಂದ ಬೆಳಿಗ್ಗೆ, ಬೂತಾಯಿ ಮೀನಿನ ಸಾರಿನಲ್ಲಿ ಮರಗೆಣಸು ಅದ್ದುತ್ತಾ. ಸಿಟ್ಟು ಬಂದಾಗೆಲ್ಲ ಹೆಂಡತಿ ಅವನಿಗೆ ಟೀಚರೇ.

"ನೀವೇ ಹೇಳಿ. ನಿಮಗೆ ಬಾಯಿಲ್ವಾ?"

"ಅಲ್ಲಿ ನಾನು ಎಳೆಯೋದೇನಿದೆ? ಗೂಟದ ಹಾಗೆ ನಿಂತಿರ್ತೀನಿ. ಅಯ್ಯೋ ಪಾಪ ಅಂತ ಕೊಟ್ಟ ಜಾಗ ಅದು."

ಜಸಿಂತಳಿಗೆ ಗೊತ್ತು, ಆ ಜಾಗಕ್ಕೆ ಇನ್ನೊಬ್ಬ ಬಂದನೆಂದರೆ ಮತ್ತೆ ಸಿಗುವುದಿಲ್ಲ. ದಡಕ್ಕೆ ಹೋಗದ ಸಿಲುವಯ್ಯನ್ ಎಷ್ಟು ದಿನ ಉಳಿದಾನು? ವಾರದಲ್ಲೇ ಊಟ ಅರ್ಧಕ್ಕಿಳಿದಿದೆ. ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು.

"ನೀವೂ ಪ್ರಿನ್ಸಿನೂ ಒಂದೇ ಬೆಂಚಲ್ಲಿ ಕೂತು ಕಾಪಿ ಹೊಡ್ದ ಹಾಗಿದೆ. ಏಳಿ, ಶೈನಿ ಅಪ್ಪಾ. ಆ ಹಳೇ ಹಗ್ಗ ಹೊತ್ಕೊಂಡು ಶಾಲೆಗೆ ಬನ್ನಿ. ನನ್ನ ಕೈಲಿ ಆಗಲ್ಲ."

ಮಗಳು ಶೈನಿಯ ಮದುವೆಗೆ ಹೊಲಿಸಿದ ಅಂಗಿಯನ್ನು ಕತ್ತಿನವರೆಗೆ ಗುಂಡಿ ಹಾಕಿಕೊಂಡು ಬಂದ, ಪುಣ್ಯಾತ್ಮ. ಶಾಲೆಯ ಅಂಗಳವೆಂದರೆ ಬರೀ ಮರಳು. ಟೀಚರ್ ಅವನನ್ನು ಹಗ್ಗದ ಒಂದು ತುದಿಗೆ ನಿಲ್ಲಿಸಿದರು. ಅವನು ಅಭ್ಯಾಸಬಲದಿಂದ ಸೊಂಟಕ್ಕೆ ಸುತ್ತು ಹಾಕಿ ಹಿಮ್ಮಡಿ ಹೂತ. ಇನ್ನೊಂದು ತುದಿಗೆ ಇಬ್ಬರು ಮಕ್ಕಳು, ಆಮೇಲೆ ಮೂವರು, ಆಮೇಲೆ ಐವರು.

"ಐಸಾ! ಎಳೀರೋ!" ಮಕ್ಕಳ ಮುಖ ಕೆಂಪಾಯಿತು. ಹಗ್ಗ ಇದ್ದಲ್ಲೇ ಇತ್ತು.

"ಪ್ರಿನ್ಸಿ, ಸಿಲುವ ಮಾಮ ಏನು ಮಾಡ್ತಿದ್ದಾರೆ?"

"ಏನಿಲ್ಲ ಟೀಚರ್. ಸುಮ್ನೆ ನಿಂತಿದ್ದಾರೆ."

"ಹುಡುಗಿ ಸರಿಯಾಗೇ ಹೇಳಿದ್ಲು" ಎಂದ ಸಿಲುವಯ್ಯನ್.

"ನಿಮ್ಮನ್ನ ಯಾರು ಕೇಳಿದ್ರು? ಪ್ರಿನ್ಸಿ, ಹಗ್ಗ ಮುಟ್ಟು."

"ಅಬ್ಬಾ! ಕಬ್ಬಿಣದ ಸಲಾಕೆ ಹಾಗಿದೆ."

"ಮಾಮನ ಕಾಲಿನ ಮೀನಖಂಡ ಮುಟ್ಟಿ ನೋಡು."

ಪ್ರಿನ್ಸಿ ಕುಕ್ಕರಗಾಲಲ್ಲಿ ಕೂತು ಕೈಯಿಟ್ಟಳು. ಇಟ್ಟವಳು ತೆಗೆಯಲೇ ಇಲ್ಲ. "ನಡುಗ್ತಾ ಇದೆ ಟೀಚರ್... ಒಳಗಿಂದ ನಡುಗ್ತಾ ಇದೆ."

"ಸರಿ, ಈ ಕಡೆ ಬಾ. ಈಗ ಹಗ್ಗ ಬಿಡಿ, ಶೈನಿ ಅಪ್ಪಾ."

ಅವನು ಬಿಡಲಿಲ್ಲ. "ಹುಚ್ಚಾ ನಿಂಗೆ? ಮಕ್ಕಳು ಬಿದ್ದು ಹೋಗ್ತಾವೆ."

"ಯಾಕೆ ಬೀಳ್ತಾವೆ? ನೀವು ಸುಮ್ನೆ ನಿಂತಿದ್ದೀರಲ್ಲಾ?"

ಸಿಲುವಯ್ಯನ್ ಹೆಂಡತಿಯ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು. ಮರೆಸಿಕೊಳ್ಳಲೂ ಇಲ್ಲ ಆ ಹೆಂಗಸು.

"ಬಿಡಿ. ಮರಳಲ್ವಾ, ಏನಾಗಲ್ಲ."

ಸೊಂಟದ ಸುತ್ತು ಬಿಚ್ಚಿದ. ಐದು ಮಕ್ಕಳೂ ಒಬ್ಬರ ಮೇಲೊಬ್ಬರು ಹಿಂದಕ್ಕೆ ಉರುಳಿದರು. ಅಂಗಳವೆಲ್ಲ ನಗುವೋ ನಗು. ಪ್ರಿನ್ಸಿ ಮಾತ್ರ ನಗದೆ ನಿಂತಿದ್ದಳು.

"ಹಾಗಾದ್ರೆ ಮಾಮ ಇಷ್ಟೊತ್ತೂ ಎಳೀತಾನೇ ಇದ್ರಾ?"

"ಐದೂ ಜನ ಸೇರಿ ಎಳೆದಷ್ಟನ್ನೂ ಮಾಮ ಒಬ್ಬರೇ ಎಳೀತಿದ್ರು" ಎಂದರು ಟೀಚರ್. "ಎರಡೂ ಕಡೆ ಸಮ ಇತ್ತು, ಅದಕ್ಕೇ ಹಗ್ಗ ನಿಂತಿತ್ತು. ಒಂದು ಕಡೆ ಬಿಟ್ಟಿದ್ದೇ ತಡ, ನೀವೆಲ್ಲ ಮಗುಚಿಕೊಂಡ್ರಿ. ಬರ್ಕೊಳ್ಳಿ."

ಮಕ್ಕಳು ಬರೆದುಕೊಂಡರು. ಸಿಲುವಯ್ಯನ್ ಹಗ್ಗ ಸುತ್ತುತ್ತಾ ಕೂತ. ಅಷ್ಟು ಹಗ್ಗ ಸುತ್ತಲು ಅಷ್ಟು ಹೊತ್ತು ಬೇಕಿರಲಿಲ್ಲ.

ಸಂಜೆ ಗಿಲ್ಬರ್ಟ್ ಬಾಗಿಲಿಗೆ ಬಂದು ಕೆಮ್ಮಿದ. ಜಸಿಂತ ಒಲೆಯ ಮುಂದಿನಿಂದ ಏಳಲಿಲ್ಲ.

"ಏನಣ್ಣಾ, ಏನು ತೀರ್ಮಾನ?"

"ನಾಳೆ ಎಷ್ಟೊತ್ತಿಗೆ ಬಲೆ ಬಿಡೋದು?" ಎಂದು ಕೇಳಿದ ಸಿಲುವಯ್ಯನ್.

ಮರುದಿನ ಶಾಲೆಗೆ ಹೊರಟ ಟೀಚರ್ ದಡದ ದಾರಿ ಹಿಡಿದರು. ಹತ್ತು ಹೆಜ್ಜೆ ಮುಂದೆ ಪ್ರಿನ್ಸಿ ಚೀಲ ಕುಣಿಸುತ್ತಾ ಹೋಗುತ್ತಿದ್ದಳು. ಬಲೆ ಇನ್ನೂ ದೂರದಲ್ಲಿತ್ತು, ಕಡಲು ಜೋರಾಗಿ ಹಿಂದಕ್ಕೆ ಜಗ್ಗುತ್ತಿತ್ತು. ಹಗ್ಗ ಒಂದಂಗುಲ ಬರುತ್ತಿಲ್ಲ, ಒಂದಂಗುಲ ಹೋಗುತ್ತಿಲ್ಲ. ಮುಂದಿನವರು ಒಬ್ಬೊಬ್ಬರಾಗಿ ಕೈ ಬದಲಿಸುತ್ತಿದ್ದರು. ಕೊನೆಯಲ್ಲಿ, ಸೊಂಟಕ್ಕೆ ಸುತ್ತು ಹಾಕಿ, ಮೊಣಕಾಲವರೆಗೆ ಮರಳಲ್ಲಿ ಹೂತು, ಒಬ್ಬನೇ ಒಬ್ಬ ಅಲುಗದೆ ನಿಂತಿದ್ದ.

ಪ್ರಿನ್ಸಿ ತಿರುಗಿ, ದಡಕ್ಕೆಲ್ಲ ಕೇಳುವ ಹಾಗೆ ಕೂಗಿದಳು: "ಟೀಚರ್, ನೋಡಿ, ಸಿಲುವ ಮಾಮ ಎಳೀತಿದ್ದಾರೆ!"

ಅವನಿಗೆ ತಲೆ ತಿರುಗಿಸುವಂತಿರಲಿಲ್ಲ. ಕಿವಿಯವರೆಗೆ ಬಂದ ನಗು ಮಾತ್ರ ಹಿಂದಿನಿಂದಲೇ ಕಾಣಿಸಿತು. ಹಗ್ಗ ಮತ್ತೆ ದಡದ ಕಡೆ ಸರಿಯುವವರೆಗೂ ಜಸಿಂತ ಅಲ್ಲೇ ನಿಂತಳು. ಅಂದು ಶಾಲೆಯ ಪ್ರಾರ್ಥನೆಯ ಗಂಟೆ ಅವಳಿಲ್ಲದೆಯೇ ಹೊಡೆಯಿತು.